ಹೆಸರೇ ಕೇಳದವರ ಕತೆ ಯಾಕೆ ಓದ್ತೀಯ?

"ಹೆಸರೇ ಕೇಳದವರ ರಾಕೆಟ್ ಕತೆ ಅದೇನು ಓದ್ತೀಯಪ್ಪ?" ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನುವಾಗ ಕೇಳಿದ್ದಾರೆ. ಮದುವೆ ಮನೆ ಪಂಕ್ತಿಯಲ್ಲಿ ಕೇಳಿದ್ದಾರೆ. ಕಟಿಂಗ್ ಶಾಪಿನಲ್ಲಿ ಕತ್ತಿ ಕುತ್ತಿಗೆ ಮೇಲಿದ್ದಾಗಲೂ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಯಿತು. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲನೆಯದಾಗಿ, ಅದು ರಾಕೆಟ್ ಕತೆ ಅಲ್ಲ. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಇಸ್ರೋದವರು ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿ ತೋಡಿಸಿದ್ದರಲ್ಲ, ಆ ಕಡೆಯ ಹುಡುಗಿಯೊಬ್ಬಳು ಅದರ ಮೇಲೆ ಕತೆ ಬರೆದಿದ್ದಾಳೆ. ಅದರಲ್ಲಿ ವಿಜ್ಞಾನಿಗಳೇ ಇಲ್ಲ. ಕುರಿ ಕಾಯುವ ಅಜ್ಜ ಇದ್ದಾನೆ. ಒಂದು ಕುರಿ ಕುಳಿಗೆ ಇಳಿದದ್ದು ಹತ್ತಿ ಬರುವುದಿಲ್ಲ. ರಾತ್ರಿ ಅಜ್ಜ ತಲೆಯೆತ್ತಿ ಚಂದ್ರನ ಮೇಲೆ ಅದನ್ನು ಹುಡುಕುತ್ತಾನೆ. ಕೊನೇ ಪುಟದಲ್ಲಿ ಎಲ್ಲ ಬಿಡಿಸಿ ಹೇಳಿ ಕತೆ ಕೆಡಿಸಿದ್ದಾಳೆ, ಅದು ಬೇರೆ ಮಾತು. ಆದರೆ ಆ ಅಜ್ಜನ ಪಕ್ಕ ನಿಂತು ಚಂದ್ರನನ್ನು ನೋಡಿದವರು ಇನ್ಯಾರಿದ್ದಾರೆ, ಹೇಳಿ?

ಇನ್ನು ನಮ್ಮ ಹಾಲ್‌ನಲ್ಲಿರುವ ಚಿತ್ರ. ಚಿತ್ರಕಲೆ ಓದುವ ಹುಡುಗನಿಂದ ಕೊಂಡಿದ್ದು. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 89 ವರ್ಷದ ಮೇಲೆ, 2022ರಲ್ಲಿ. ಇವನು ಅದಕ್ಕೆ ಇನ್ನೊಂದು 89 ಕೂಡಿಸಿ 2111ರ ಕೋಡಿ ಬರೆದಿದ್ದಾನೆ. ಬರೀ ನೀಲಿ ಬಾಲ್‌ಪೆನ್ ಕೆಲಸ. ಬಾಗಿನ ಬಿಡಲು ಬಂದ ಹೆಂಗಸರ ಮೊರದಲ್ಲಿ ಬಳೆ ಇಲ್ಲ, ಒಣ ಮಣ್ಣಿನ ಹೆಂಟೆ ಇದೆ. ಒಬ್ಬರೂ ನೀರಿನ ಹತ್ತಿರ ಹೋಗುತ್ತಿಲ್ಲ.

2025ರಲ್ಲೇ ಮತ್ತೆ ಕೋಡಿ ಬಿತ್ತು! ಹಿರಿಯೂರಿನ ನಮ್ಮ ಮಾವ ಬಂದವರು ಚಿತ್ರ ನೋಡಿ ನಕ್ಕಿದ್ದೇ ನಕ್ಕಿದ್ದು.

"ನಿನ್ನ ಹುಡುಗನ ಲೆಕ್ಕ ತಪ್ಪಿತಲ್ಲೋ. ಎಷ್ಟು ಕೊಟ್ಟೆ ಇದಕ್ಕೆ?"

"ಅದು ಪಂಚಾಂಗ ಅಲ್ಲ ಮಾವ."

"ಮತ್ತೆ ಗೋಡೆಗೆ ಯಾಕೆ ನೇತುಹಾಕಿದೀಯ?"

ತಕ್ಷಣ ಏನೂ ಹೊಳೆಯಲಿಲ್ಲ. ಸುಮ್ನೆ ಮಿರ್ಚಿ ತಟ್ಟೆ ಮುಂದಿಟ್ಟೆ. ಹೊರಡುವಾಗ ಚಪ್ಪಲಿ ಹಾಕಿಕೊಂಡವರು ಮತ್ತೆ ಒಳಗೆ ಬಂದರು. ಚಿತ್ರದ ಹತ್ತಿರ ಬಗ್ಗಿ ಕೇಳಿದರು: "ಈ ಹೆಂಗಸು ನೀರು ಕಂಡು ಯಾಕೋ ಹೆದರಿದಾಳೆ?"

ಇಷ್ಟು ನೀರನ್ನು ಅವಳು ಹುಟ್ಟಿದ ಮೇಲೆ ನೋಡೇ ಇಲ್ಲ ಮಾವ, ಅಂದೆ. ಮಾವ ಮಾತಾಡಲಿಲ್ಲ. ಅವರ ಬಸ್ಸು ತಪ್ಪಿತು.

ಯಾಕೆ ಓದ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಓದಿದ ಮೇಲೆ ಬರೆದವರಿಗೆ ಏನು ಹೇಳಿದೆ ಅಂತ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಚಿತ್ರದ ಹುಡುಗನಿಗೆ ದುಡ್ಡಾದರೂ ಕೊಟ್ಟೆ, ಅದೂ ಚೌಕಾಸಿ ಮಾಡಿ. ಕುರಿ ಕತೆಯವಳ ಫೋನ್ ನಂಬರ್ ಜೆರಾಕ್ಸ್ ಹಾಳೆಯ ಹಿಂದೆ ಇದೆ. "ಕೊನೇ ಪುಟ ತೆಗೆದುಬಿಡಮ್ಮ, ಉಳಿದದ್ದು ಬಹಳ ಚೆನ್ನಾಗಿದೆ" ಅಂತ ಮೂರು ಸಲ ಟೈಪ್ ಮಾಡಿ ಮೂರು ಸಲವೂ ಅಳಿಸಿದ್ದೇನೆ.