ದಾವಣಗೆರೆಯಿಂದ ಹುಬ್ಬಳ್ಳಿ ರೈಲು ಮ್ಯೂಸಿಯಂಗೆ: ರೈಲಲ್ಲೇ ಹೋಗಿ, ಅಜ್ಜನನ್ನೂ ಕರೆದುಕೊಂಡು ಹೋಗಿ

ಹುಬ್ಬಳ್ಳಿಯ ರೈಲು ಮ್ಯೂಸಿಯಂ ನೋಡೋಕೆ ದಾವಣಗೆರೆಯಿಂದ ಕಾರಲ್ಲಿ ಹೋಗಬೇಡಿ. ಹೈವೇ ಚೆನ್ನಾಗಿದೆ, ನಿಜ. ಆದರೆ ಅಲ್ಲಿ ಇಟ್ಟಿರುವುದು ಬಹುಪಾಲು ನಮ್ಮ ಕಡೆಯ ರೈಲಿನ ಕಥೆಯೇ. ಅದೇ ಲೈನಿನ ಮೇಲೆ ಹೋಗಿ ಇಳಿದರೆ ಒಳಗಿನ ವಸ್ತುಗಳು ಮನಸ್ಸಿಗೆ ಬೇಗ ಹತ್ತುತ್ತವೆ. ಮನೆಯಲ್ಲಿ ಮೀಟರ್ ಗೇಜ್ ಕಾಲ, ಅಂದರೆ ಹಳಿಗಳ ನಡುವೆ ಒಂದೇ ಮೀಟರ್ ಅಗಲವಿದ್ದ ಹಳೇ ಲೈನಿನ ಕಾಲ, ಕಂಡ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಲೇಬೇಡಿ. ನಾವು ಮಕ್ಕಳ ಜೊತೆ ನಮ್ಮ ಮಾವನವರನ್ನೂ ಕರೆದುಕೊಂಡು ಹೋಗಿದ್ದೆವು. ಅವರಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ ಹೊರಗೆ ಬರುತ್ತಿದ್ದೆವೇನೋ.

ಬೆಳಿಗ್ಗೆ ಬೆಂಗಳೂರಿನಿಂದ ಬರುವ ಜನಶತಾಬ್ದಿ ಈ ಪ್ರಯಾಣಕ್ಕೆ ಸರಿಯಾದ ಗಾಡಿ. ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತದೆ, ಟಿಕೆಟ್ ದರ ಮಾತ್ರ ಜಾಸ್ತಿ. ವಾಪಸ್ ಬರುವಾಗ ಇವೆರಡನ್ನೂ ನಂಬಿಕೊಳ್ಳಬೇಡಿ, ಎರಡೂ ಹುಬ್ಬಳ್ಳಿಯಿಂದ ಬೇಗ ಹೊರಟುಬಿಡುತ್ತವೆ. ಸಂಜೆ ಮೇಲೆ ಬೆಂಗಳೂರು ಕಡೆಗೆ ಹೊರಡುವ ಗಾಡಿ ನೋಡಿ ಮೊದಲೇ ಬುಕ್ ಮಾಡಿಕೊಳ್ಳಿ. ಚಿತ್ರದುರ್ಗದವರು ಚಿಕ್ಕಜಾಜೂರಿಗೆ ಬಂದು ಹತ್ತಬಹುದು. ಗಾಡಿ ಹೊಂದದಿದ್ದರೆ ಬಸ್ಸಿನಲ್ಲಿ ದಾವಣಗೆರೆಗೆ ಬರುವುದೇ ಸುಲಭ.

ದಾವಣಗೆರೆ ಬಿಟ್ಟ ಸ್ವಲ್ಪ ಹೊತ್ತಿಗೇ ಹರಿಹರ. ಅದು ದಾಟಿದ ಕೂಡಲೇ ತುಂಗಭದ್ರೆ ಸೇತುವೆ. ಮಕ್ಕಳನ್ನು ಮೊಬೈಲಿಂದ ಎಬ್ಬಿಸಿ ಕಿಟಕಿ ಹತ್ತಿರ ಕೂರಿಸಿ. ಹಳೇ ಮೈಸೂರು ಸಂಸ್ಥಾನ ಮುಗಿದು ಮುಂಬೈ ಪ್ರಾಂತ್ಯ ಶುರುವಾಗುತ್ತಿದ್ದದ್ದು ಈ ಹೊಳೆ ದಾಟಿದ ಮೇಲೆ. ಬೆಂಗಳೂರಿನಿಂದ ಹೊರಟ ಹಳಿ ಹರಿಹರದವರೆಗೆ ಬಂದು ಮುಟ್ಟಿದ್ದು 1889ರಲ್ಲಿ. ಸಂಸ್ಥಾನದ ಆ ಲೈನಿನಲ್ಲಿ ಬಹಳ ವರ್ಷ ಗಾಡಿ ಓಡಿಸಿದ್ದು ಸದರ್ನ್ ಮರಾಠ ರೈಲ್ವೆ ಕಂಪನಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಕಟ್ಟಿದ್ದೂ ಅದೇ ಕಂಪನಿ. ಮ್ಯೂಸಿಯಂನಲ್ಲಿ ಆ ಕಂಪನಿಯ ಹೆಸರು ಕಂಡಾಗ ನಮ್ಮ ಊರಿನ ಹೆಸರೇ ಕಂಡಷ್ಟು ಖುಷಿಯಾಯಿತು.

ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಅವಸರ ಮಾಡಬೇಡಿ. ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಪ್ರಪಂಚದಲ್ಲೇ ಅತಿ ಉದ್ದದ್ದು. ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೋ ಅದರ ಮೇಲೆ ನಡಿಗೆ. ಮ್ಯೂಸಿಯಂ ಇರುವುದು ಗದಗ ರಸ್ತೆ ಕಡೆ, ಸ್ಟೇಷನ್ನಿನ ಎರಡನೇ ಬಾಗಿಲ ಹತ್ತಿರ. ಮುಂದಿನ ಮುಖ್ಯ ಬಾಗಿಲಿಂದ ಹೊರಬಿದ್ದರೆ ಸುಮ್ನೆ ಸುತ್ತಬೇಕಾಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ. ತೆರೆಯುವ ಹೊತ್ತು, ವಾರದ ರಜೆ ಬದಲಾಗುತ್ತಿರುತ್ತವೆ. ಹಿಂದಿನ ದಿನವೇ ಕೇಳಿಕೊಂಡು, ಮಧ್ಯಾಹ್ನದ ಮೇಲಿನ ಹೊತ್ತನ್ನು ಪೂರ್ತಿ ಇದಕ್ಕೇ ಇಟ್ಟುಬಿಡಿ.

2020ರಲ್ಲಿ ಶುರುವಾದ ಮ್ಯೂಸಿಯಂ ಇದು. ದೊಡ್ಡದೇನಲ್ಲ. ಹೊರಗೆ ಹಳೇ ನ್ಯಾರೋ ಗೇಜ್, ಅಂದರೆ ಇನ್ನೂ ಕಿರಿದಾದ ಹಳಿಯ, ಇಂಜಿನ್ನುಗಳಿವೆ. ಸಿನಿಮಾ ಥಿಯೇಟರ್ ಮಾಡಿರುವ ಬೋಗಿ ಇದೆ. ಮಕ್ಕಳಿಗೆ ಟಾಯ್ ಟ್ರೈನ್ ಇದೆ. ಮಲಪ್ರಭಾ, ಘಟಪ್ರಭಾ ಅನ್ನುವ ಎರಡು ಹಳೇ ರೈಲ್ವೆ ಮನೆಗಳೊಳಗೆ ಸಣ್ಣಪುಟ್ಟ ವಸ್ತುಗಳನ್ನು ಜೋಡಿಸಿಟ್ಟಿದ್ದಾರೆ. ನನ್ನ ಸಲಹೆ ಕೇಳಿ, ಟಾಯ್ ಟ್ರೈನ್ ಕೊನೆಗೆ ಇಟ್ಟುಕೊಳ್ಳಿ. ಮೊದಲು ಅದರಲ್ಲಿ ಕೂರಿಸಿದರೆ ಮಕ್ಕಳು ಆಮೇಲೆ ಆ ಮನೆಗಳೊಳಗೆ ಬರುವುದೇ ಇಲ್ಲ. ಈ ಮ್ಯೂಸಿಯಂನ ಜೀವ ಇರುವುದು ಆ ಎರಡು ಮನೆಗಳಲ್ಲೇ.

ಅಲ್ಲಿ ಟೋಕನ್ ಯಂತ್ರದ ಮುಂದೆ ಸ್ವಲ್ಪ ನಿಲ್ಲಿ. ಕೆಂಪು ಪೆಟ್ಟಿಗೆ, ಒಳಗೆ ಕಬ್ಬಿಣದ ಗುಂಡುಗಳು. ಒಂದೇ ಹಳಿ ಇದ್ದ ಕಾಲದಲ್ಲಿ ಎದುರುಬದುರು ಗಾಡಿ ಬರದಂತೆ ಕಾದಿದ್ದು ಇದೇ. ಅಕ್ಕಪಕ್ಕದ ಎರಡು ಸ್ಟೇಷನ್ನುಗಳ ಪೆಟ್ಟಿಗೆಗೆ ತಂತಿ ಸಂಪರ್ಕ ಇರುತ್ತಿತ್ತು. ಆ ಕಡೆಯ ಮಾಸ್ತರು ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆ ಒಂದು ಗುಂಡು ಹೊರಗೆ ಬರುತ್ತಿತ್ತು. ಒಂದು ಬಂತೆಂದರೆ, ಅದನ್ನು ವಾಪಸ್ ಹಾಕುವ ತನಕ ಎರಡೂ ಕಡೆ ಇನ್ನೊಂದು ಬರುತ್ತಿರಲಿಲ್ಲ. ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಮಾವನವರು ಮೊಮ್ಮಗನಿಗೆ, "ಇದು ಕೈಗೆ ಸಿಗದಿದ್ರೆ ಡ್ರೈವರ್ ಗಾಡಿ ಬಿಡಂಗೇ ಇರ್ಲಿಲ್ಲ ನೋಡಪ್ಪಾ" ಅಂದರು. ನಿಲ್ಲದೆ ಓಡುವ ಗಾಡಿಯಿಂದ ಡ್ರೈವರ್ ಬಗ್ಗಿ ಆ ಬಳೆಗೆ ತೋಳು ಹಾಕಿ ಎಳೆದುಕೊಳ್ಳುತ್ತಿದ್ದದ್ದನ್ನು ಕೈ ಚಾಚಿ ಮಾಡಿ ತೋರಿಸಿದರು. ಹುಡುಗ ಆ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಈಗ ನಮ್ಮ ಲೈನ್ ಡಬಲ್ ಆಗಿದೆ, ಕರೆಂಟ್ ಬಂದಿದೆ. ಆ ಗುಂಡುಗಳನ್ನು ಇನ್ನು ಇಂಥ ಕಡೆಯೇ ನೋಡಬೇಕು, ಅಲ್ವಾ?

ಹಾಗೆಯೇ ದಪ್ಪ ರಟ್ಟಿನ ಸಣ್ಣ ಟಿಕೆಟ್, ಅದಕ್ಕೆ ಟಕ್ ಅಂತ ತಾರೀಖು ಒತ್ತುವ ಯಂತ್ರ. ಸೀಮೆಎಣ್ಣೆ ಲಾಟೀನು. ನಾನು ಇಲ್ಲಿ ಎಲ್ಲವನ್ನೂ ಪಟ್ಟಿ ಮಾಡುವುದಿಲ್ಲ. ನಿಮ್ಮ ಮನೆಯ ಹಿರಿಯರು ಯಾವುದರ ಮುಂದೆ ನಿಲ್ಲುತ್ತಾರೋ ಅಲ್ಲೇ ನೀವೂ ನಿಂತುಬಿಡಿ.

ದೊಡ್ಡ ಇಂಜಿನ್ನು, ರಾಜವೈಭವದ ಬೋಗಿ ಬೇಕು ಅನ್ನುವವರು ಮೈಸೂರಿಗೆ ಹೋಗಬೇಕು. 1979ರಲ್ಲಿ ತೆರೆದ ಅಲ್ಲಿನ ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ಬೋಗಿ ಇದೆ. ಆದರೆ ನಮಗೆ ಅದು ಒಂದು ದಿನದ ಮಾತಲ್ಲ.

ಇನ್ನೊಂದು ದಿನ ಕೈಯಲ್ಲಿದ್ದರೆ ಹುಬ್ಬಳ್ಳಿಯಲ್ಲಿ ಉಳಿದು ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವಾದ ಕುಳೆವರೆಗೆ ರೈಲಲ್ಲೇ ಹೋಗಿ. ಕ್ಯಾಸಲ್‌ರಾಕ್‌ನಿಂದ ಕುಳೆಗೆ ಸುಮಾರು 26 ಕಿ.ಮೀ. ಘಾಟಿ. ಪ್ರತಿ 37 ಮೀಟರ್ ಮುಂದೆ ಹೋದರೆ ಹಳಿ ಒಂದು ಮೀಟರ್ ಕೆಳಗಿಳಿಯುತ್ತದೆ. ರೈಲಿಗೆ ಅದು ಭಾರೀ ಇಳಿಜಾರು. ಅದಕ್ಕೇ ಇಲ್ಲಿ ಹೆಚ್ಚುವರಿ ಇಂಜಿನ್ ಜೋಡಿಸುತ್ತಾರೆ. ನಡುವೆ ಸುರಂಗಗಳು, ಆಮೇಲೆ 310 ಮೀಟರ್ ಎತ್ತರದ ದೂಧ್‌ಸಾಗರ ಜಲಪಾತ. ರಾತ್ರಿ ಗಾಡಿಯಲ್ಲಿ ಹೋದರೆ ಏನೂ ಕಾಣದು, ಹಗಲಲ್ಲಿ ಘಾಟಿ ಇಳಿಯುವ ಗಾಡಿಯನ್ನೇ ಆರಿಸಿ. ನನಗೆ ಮಳೆಗಾಲ ಮುಗಿಯುವ ಹೊತ್ತು, ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಇಷ್ಟ. ನೀರೂ ಇರುತ್ತದೆ, ಮಂಜೂ ಕಡಿಮೆ. ಜುಲೈನ ಜೋರು ಮಳೆಯಲ್ಲಿ ಗುಡ್ಡ ಕುಸಿದು ಗಾಡಿಗಳೇ ರದ್ದಾಗುವುದುಂಟು.

ಜಲಪಾತದ ಹತ್ತಿರ ಇಳಿಯುವುದು, ಹಳಿ ಮೇಲೆ ನಡೆಯುವುದು ಎರಡಕ್ಕೂ ಅವಕಾಶವಿಲ್ಲ. ರೈಲ್ವೆ ಪೊಲೀಸರು ಹಿಡಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಪಕ್ಕಕ್ಕೆ ಸರಿಯೋಕೆ ಜಾಗವೇ ಇಲ್ಲದ ಕಡೆಗಳಿವೆ. ಬಾಗಿಲಲ್ಲಿ ನಿಂತು ವಿಡಿಯೋ ಮಾಡಬೇಡಿ, ಕಿಟಕಿಯಿಂದಲೇ ಕಣ್ತುಂಬ ಕಾಣುತ್ತದೆ. ಕುಳೆಯಿಂದ ಹಗಲು ಹೊತ್ತಲ್ಲಿ ವಾಪಸ್ ಬರುವ ಗಾಡಿಗಳು ಕಡಿಮೆ. ತಿರುಗಿ ಬರುವ ಟಿಕೆಟ್ ಖಾತ್ರಿಯಾದ ಮೇಲೇ ಹುಬ್ಬಳ್ಳಿಯಿಂದ ಹೊರಡಿ.