ಸವಾರ ಸತ್ತಿದ್ದಾನಮ್ಮ

ಭಾನುವಾರದಿಂದ ಈ ಮಾತು ಬೆನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಾಗ, ಆಫೀಸ್ ಮೀಟಿಂಗ್‌ನಲ್ಲಿ ಯಾರೋ ಸ್ಲೈಡ್ ತೋರಿಸುತ್ತಿರುವಾಗ, ಪಕ್ಕದ ಸೀಟಿನಿಂದ ಆ ಯಜಮಾನರು ಬಾಗಿ ಹೇಳಿದ ಹಾಗಾಗುತ್ತದೆ. "ಸವಾರ ಸತ್ತಿದ್ದಾನಮ್ಮ."

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ, ನಾಟಕ ಆಡಿಸಿ ಅದಕ್ಕೆ ಸಂಗೀತವನ್ನೂ ಕಟ್ಟುತ್ತಿದ್ದ ಬಿ.ವಿ. ಕಾರಂತರ ರಂಗಗೀತೆಗಳ ಸಂಜೆ ಇತ್ತು. ನಾಟಕ ಅಲ್ಲ, ಬರೀ ಹಾಡು. ಸೆಪ್ಟೆಂಬರ್ ಬಂತು ಅಂದ್ರೆ ಇಂಥವು ಒಂದೆರಡು ಇದ್ದೇ ಇರುತ್ತವೆ. ಕಾರಂತರು ಹುಟ್ಟಿದ್ದೂ ಸೆಪ್ಟೆಂಬರ್‌ನಲ್ಲೇ, 2002ರಲ್ಲಿ ಹೋಗಿದ್ದೂ ಸೆಪ್ಟೆಂಬರ್‌ನಲ್ಲೇ. ಗಂಡ, ಮಗಳು ಇಬ್ಬರೂ ಬರಲ್ಲ ಅಂದರು. ಒಳ್ಳೇದೇ ಆಯ್ತು ಅಂತ ಒಬ್ಬಳೇ ಹೋದೆ. ಒಬ್ಬಳೇ ಹೋದರೆ ಜೋರಾಗಿ ದನಿಗೂಡಿಸಬಹುದು ನೋಡಿ.

ನನಗೆ ರಂಗಗೀತೆ ಅಂದ್ರೆ ಬೇಸಿಗೆ ಶಿಬಿರ. ಹತ್ತು ವರ್ಷದವಳಿದ್ದಾಗ ಅಮ್ಮ ನನ್ನ ಕಾಟ ತಡೆಯಲಾರದೆ ಒಂದು ಮಕ್ಕಳ ಶಿಬಿರಕ್ಕೆ ಸೇರಿಸಿದ್ದಳು. ಶಾಲೆಯ ಮೈದಾನ, ಮರದ ಕೆಳಗೆ ಹಾರ್ಮೋನಿಯಂ, ಮಧ್ಯಾಹ್ನ ಕಲ್ಲಂಗಡಿ ಹೋಳು. ಅಲ್ಲಿ ಕಲಿತ ಏಳೆಂಟು ಹಾಡು ಈಗಲೂ ಬಾಯಲ್ಲಿವೆ. ಅವೆಲ್ಲ ಯಾವ ನಾಟಕದವು ಅಂತ ಆಗ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದರಲ್ಲಿ ನಮಗೆ ಪ್ರಾಣ ಅಂದ್ರೆ ಸವಾರನ ಹಾಡು. ಮುಂದಿನವರ ಸೊಂಟ ಹಿಡಿದು, ಕುದುರೆ ಹಾಗೆ ಕಾಲು ಕುಟ್ಟುತ್ತಾ ಮೈದಾನ ಸುತ್ತುತ್ತಿದ್ದೆವು. ಧೂಳೋ ಧೂಳು. ಮುಂದೆ ಮಗಳು ಹುಟ್ಟಿದಾಗ ಕಾಲಿನ ಮೇಲೆ ಕೂರಿಸಿಕೊಂಡು ಅದೇ ಹಾಡಿಗೆ ಎತ್ತಿ ಎತ್ತಿ ಹಾಕಿದೆ. ಅವಳಿಗೂ ಬಾಯಿಪಾಠ ಆಯ್ತು.

ಕಾರ್ಯಕ್ರಮ ಆರಕ್ಕೆ ಅಂತ ಇತ್ತು. ಆರೂ ಮುಕ್ಕಾಲಿಗೆ ಮುಖ್ಯ ಅತಿಥಿ ಬಂದರು. ಬಂದವರು ಇಪ್ಪತ್ತು ನಿಮಿಷ ಮಾತಾಡಿದರು. ಅದರಲ್ಲಿ ಹದಿನೈದು ನಿಮಿಷ ಅವರ ಬಗ್ಗೆಯೇ. ಉಳಿದ ಐದು ನಿಮಿಷದಲ್ಲಿ "ನಮ್ಮ ಮೈಸೂರಿನವರೇ ಆದ ಕಾರಂತರು" ಅಂದರು. ಹಿಂದಿನಿಂದ ಯಾರೋ "ಬಂಟ್ವಾಳ, ಬಂಟ್ವಾಳ!" ಅಂತ ಕೂಗಿದರು. ಸಭೆಯಲ್ಲಿ ನಗು. ಅತಿಥಿಗಳು ಚಪ್ಪಾಳೆ ಅಂದುಕೊಂಡು ಕೈ ಮುಗಿದರು. ಮೈಸೂರಲ್ಲಿ 1989ರಲ್ಲಿ ರಂಗಾಯಣ ಕಟ್ಟಿದ್ದಕ್ಕೆ ಹಾಗಂದಿರಬೇಕು ಪಾಪ. ಆದರೆ ಬಂಟ್ವಾಳದ ಹಳ್ಳಿಯಿಂದ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ ಹುಡುಗನ ಕಥೆ ಅಲ್ವಾ ಇಡೀ ಮನುಷ್ಯನ ಕಥೆ? ವೀರಣ್ಣನವರು ಆ ಹುಡುಗನನ್ನ ಓದಲು ಕಾಶಿಗೆ ಕಳಿಸಿದ್ದು, ಅಲ್ಲಿ ಅವನು ಓಂಕಾರನಾಥ ಠಾಕೂರರ ಹತ್ತಿರ ಸಂಗೀತ ಕಲಿತದ್ದು, ಇದ್ಯಾವುದೂ ಭಾಷಣದಲ್ಲಿ ಇಲ್ಲ. ನಿರೂಪಕಿ ಮಾತ್ರ ಒಂದೊಂದು ಹಾಡಿಗೂ "ಅದ್ಭುತ, ಅತ್ಯದ್ಭುತ" ಅಂತ ಏರಿಸುತ್ತಾ ಹೋದಳು. ಮೂರನೇ ಹಾಡಿಗೇ ಅವಳ ಹತ್ತಿರ ಪದ ಮುಗಿದಿದ್ದವು.

ಹಾಡಿದವರು ಚೆನ್ನಾಗಿ ಹಾಡಿದರು. ಅದನ್ನ ಮೊದಲೇ ಹೇಳಿಬಿಡುತ್ತೇನೆ. ಹತ್ತು ಜನ. ಹೆಂಗಸರು ಇಳಕಲ್ ಸೀರೆ, ಗಂಡಸರು ಮಡಿಕೆ ಮುರಿಯದ ಜುಬ್ಬ. ಎಲ್ಲರ ಮುಂದೆಯೂ ಒಂದೊಂದು ಮೈಕು. ತಬಲಾ, ಕೊಳಲು, ಕೀಬೋರ್ಡು, ರಿದಂ ಪ್ಯಾಡ್. ಶ್ರುತಿ ತಪ್ಪಲಿಲ್ಲ, ಸಾಹಿತ್ಯ ಮರೆಯಲಿಲ್ಲ. ಕೀಬೋರ್ಡಿನವನು ಮಾತ್ರ ಎಲ್ಲ ಹಾಡಿನ ಕೆಳಗೂ ನೂರು ಪಿಟೀಲು ಒಟ್ಟಿಗೆ ನುಡಿಸಿದ ಹಾಗೆ ಏನೋ ಹಾಸುತ್ತಿದ್ದ. ಕೈಗೆ ಸಿಕ್ಕಿದ ಕಲ್ಲು, ತಗಡು, ಬಿದಿರುಗಳಿಂದ ಶಬ್ದ ಹೊರಡಿಸಿ ಅದನ್ನೇ ಸಂಗೀತ ಮಾಡಿದವರ ಹಾಡಿಗೆ ಇಷ್ಟೊಂದು ಮೆತ್ತನೆ ಹಾಸಿಗೆ ಯಾಕೋ ಅನ್ನಿಸಿತು. ಆದರೂ ನಾನು ಖುಷಿಯಾಗಿಯೇ ಇದ್ದೆ.

ಪಕ್ಕದವರು ಬಿಡಬೇಕಲ್ಲ.

ಎಪ್ಪತ್ತೈದರ ಆಸುಪಾಸು. ಅರ್ಧ ತೋಳಿನ ಸ್ವೆಟರ್, ತೊಡೆ ಮೇಲೆ ಬಟ್ಟೆ ಚೀಲ, ಅದರಿಂದ ಇಣುಕುವ ಛತ್ರಿ. ಮೊದಲ ಹಾಡಿನಿಂದಲೇ ಗೊಣಗಲು ಶುರು. ಹಾಡು ಚೆನ್ನಾಗಿಲ್ಲ ಅಂತಲ್ಲ. 'ಸತ್ತವರ ನೆರಳು' ನಾಟಕದಲ್ಲಿ ಕಾರಂತರು ಕೂರಿಸಿದ ಪುರಂದರದಾಸರ ಪದ ಬಂತು. ಇವರು ಕತ್ತಲಲ್ಲಿ ಬೆರಳು ತೋರಿಸಿ, "ಇಲ್ಲಿ ಮೇಳ ಎರಡು ಸಾಲಾಗಿ ಒಡೀಬೇಕು" ಅಂದರು. ಪು.ತಿ.ನ. ಅವರ 'ಗೋಕುಲ ನಿರ್ಗಮನ'ದ ಹಾಡು ಬಂದಾಗ "ಕೃಷ್ಣ ಹೊರಟ. ತಿರುಗಿ ನೋಡಲ್ಲ ಅವನು" ಅಂದರು. ಇನ್ನೊಂದರಲ್ಲಿ, "ಈಗ ಲೈಟು ಪೂರ್ತಿ ಹೋಗ್ಬೇಕು. ಹೋಗ್ಬೇಕು... ಹೋಗ್ಲಿಲ್ಲ." ವೇದಿಕೆ ಮೇಲೆ ಹತ್ತು ಜನ ಕದಲದೆ ನಿಂತಿದ್ದಾರೆ, ಗುಲಾಬಿ ಬಣ್ಣದ ಲೈಟು ಉರಿಯುತ್ತಲೇ ಇದೆ. ಇವರಿಗೆ ಮಾತ್ರ ಅಲ್ಲಿ ಜನ ಓಡಾಡುತ್ತಿದ್ದಾರೆ.

ನಾನು ಎರಡು ಸಲ ನೋಡಿದೆ. ನಮ್ಮೂರ ಕಡೆ ಅದಕ್ಕೆ ಕಣ್ಣು ಬಿಡೋದು ಅಂತಾರೆ. ನಾಟಲಿಲ್ಲ. ಆಮೇಲೆ ಬಾಯಿ ಬಿಟ್ಟೇ ಹೇಳಿದೆ, "ಸರ್, ಸ್ವಲ್ಪ ಹಾಡು ಕೇಳೋಣವಾ?"

"ಕೇಳಮ್ಮ, ಕೇಳು" ಅಂದರು. ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಚೀಲ ಸರಿಮಾಡಿಕೊಂಡು ಸುಮ್ಮನಾದರು.

ಅಷ್ಟರಲ್ಲಿ ಸವಾರನ ಹಾಡು ಬಂತು. ಗಿರೀಶ್ ಕಾರ್ನಾಡರ 'ಹಯವದನ' ನಾಟಕದ್ದು. ತಬಲಾದವನು ಕುದುರೆ ಓಟದ ನಡೆ ಹಿಡಿದ. ರಿದಂ ಪ್ಯಾಡಿನಿಂದ ಗೊರಸಿನ ಸದ್ದು. ಇಡೀ ಸಭಾಂಗಣ ಚಪ್ಪಾಳೆ ತಟ್ಟಲು ಶುರುಮಾಡಿತು. ಮುಂದಿನ ಸಾಲಲ್ಲಿ ಒಬ್ಬಾಕೆ ಎದ್ದು ನಿಂತು ಮೊಬೈಲಲ್ಲಿ ಹಿಡಿಯುತ್ತಿದ್ದಳು. ನಾನೂ ದೊಡ್ಡ ದನಿಯಲ್ಲಿ ಹಾಡುತ್ತಿದ್ದೆ, ಕಾಲು ಕುಟ್ಟುತ್ತಿದ್ದೆ. ಹತ್ತು ವರ್ಷದ ಹುಡುಗಿಯೇ ಆಗಿಬಿಟ್ಟಿದ್ದೆ. ಹಾಡು ಮುಗಿದದ್ದೇ ಹಿಂದಿನಿಂದ "ಒನ್ಸ್ ಮೋರ್!" ಅಂತ ಕೂಗು. ನಾನೂ ಕೂಗಿದೆ.

ಆಗ ಅವರು ಬಾಗಿದರು. ಕಿವಿಯ ಹತ್ತಿರ, ಬಹಳ ಮೆತ್ತಗೆ, ಯಾರದೋ ಮನೆಯ ಸಾವಿನ ಸುದ್ದಿ ಮುಟ್ಟಿಸುವ ಹಾಗೆ ಹೇಳಿದರು. "ಸವಾರ ಸತ್ತಿದ್ದಾನಮ್ಮ."

"ಏನಂದ್ರಿ?"

"ಜೋಗುಳ ಇದು. ನಾಟಕದಲ್ಲಿ ಪದ್ಮಿನಿ ಮಗು ಮಲಗಿಸ್ತಾ ಹಾಡೋದು. ಕೊನೇಲಿ ಸವಾರ ಹೆಣವಾಗಿದ್ದಾನೆ. ಕಣ್ಣು ತೆರ್ಕೊಂಡೇ ಇದೆ." ಒಂದು ಗಳಿಗೆ ಬಿಟ್ಟು, "ಕಂಪನಿ ನಾಟಕದಲ್ಲೂ ಹೀಗೇ. ಒನ್ಸ್ ಮೋರ್ ಅಂದ್ರೆ ಸತ್ತೋನೂ ಎದ್ದು ಹಾಡಿ ಮತ್ತೆ ಸಾಯ್ತಿದ್ದ" ಅಂತ ನಕ್ಕರು.

ವೇದಿಕೆಯಲ್ಲಿ ಹಾಡು ಮತ್ತೆ ಶುರುವಾಯ್ತು. ಗೊರಸಿನ ಸದ್ದು, ಚಪ್ಪಾಳೆ. ನನ್ನ ಕೈ ಮೇಲೇಳಲಿಲ್ಲ. ಮೂವತ್ತು ವರ್ಷದಿಂದ ಹಾಡುತ್ತಿರುವ ಹಾಡಿನ ಪದಗಳನ್ನ ಮೊದಲ ಸಲ ಕಿವಿಗೊಟ್ಟು ಕೇಳಿದೆ. ನಿಜಕ್ಕೂ ಸತ್ತಿದ್ದಾನೆ. ಎದೆ ಮೇಲೆ ರಕ್ತ ಇದೆ. ಅದನ್ನೇ ನಾನು ಮಗಳನ್ನ ಕಾಲ ಮೇಲೆ ಕುಣಿಸುತ್ತಾ ಹಾಡಿದ್ದು.

ಸಿಟ್ಟು ಬಂತು. ಅವರ ಮೇಲೆ. ಇಷ್ಟು ವರ್ಷ ಖುಷಿ ಕೊಟ್ಟ ಹಾಡನ್ನ ಎರಡು ಮಾತಲ್ಲಿ ಕೆಡಿಸಿಬಿಟ್ಟರಲ್ಲ ಅಂತ. ಈ ರಂಗಭೂಮಿಯವರದ್ದು ಇದೊಂದು ಜಂಬ. ನೀವು ನೋಡಿಲ್ಲ, ನಾವು ನೋಡಿದ್ದೀವಿ. ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ 1972ರಲ್ಲಿ ಕಾರಂತರು 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ಮಾಡಿಸಿದ್ದನ್ನ ಹೇಳಲು ಶುರುಮಾಡಿದರೆ ನಿಲ್ಲಿಸಲ್ಲ. ನಾನು ಆಗ ಹುಟ್ಟೇ ಇರಲಿಲ್ಲ. ಅದಕ್ಕೇನು ಮಾಡಲಿ? ನನ್ನ ಪಾಲಿಗೆ ಬಂದದ್ದು ಹಾಡು ಮಾತ್ರ.

ಮುಗಿದಾಗ ಹೊರಗೆ ಮಳೆ. ಮೆಟ್ಟಿಲ ಮೇಲೆ ಎಲ್ಲರೂ ಗುಂಪಾಗಿ ನಿಂತಿದ್ದೆವು. ಅವರು ಛತ್ರಿ ಬಿಚ್ಚಿ ನನ್ನ ಕಡೆ ನೋಡಿದರು. ಟೌನ್ ಹಾಲ್ ಹತ್ತಿರ ಸ್ಕೂಟರ್ ನಿಲ್ಲಿಸಿದ್ದೆ, ಅವರಿಗೂ ಅಲ್ಲೇ ಬಸ್ಸು. ಒಂದೇ ಛತ್ರಿಯಲ್ಲಿ ಹೊರಟೆವು. ಅವರ ಎಡ ಭುಜ ನೆನೆಯಿತು, ನನ್ನ ಬಲ ಭುಜ.

"ನೀವು ಹಯವದನದಲ್ಲಿ ಪಾರ್ಟು ಮಾಡಿದ್ರಾ?"

"ಇಲ್ಲಮ್ಮ. ನಮ್ಮೂರ ತಂಡ ಮಾಡ್ತು, ಕಾರಂತರ ಮಟ್ಟುಗಳನ್ನೇ ಇಟ್ಕೊಂಡು. ನಾನು ಕುದುರೆ ಮುಖವಾಡ ಹಿಡ್ಕೊಂಡು ಸೈಡ್ ವಿಂಗ್‌ನಲ್ಲಿ ನಿಲ್ತಿದ್ದೆ. ಕುದುರೆ ತಲೆಯ ಹಯವದನನ ಪಾತ್ರದವನು ಬಂದ ಕೂಡ್ಲೆ ತಲೆಗೆ ಕಟ್ಟಿ ಕಳಿಸೋದು. ದಾರ ಬಿಗಿ ಆದ್ರೆ ಉಸಿರು ಕಟ್ಟುತ್ತೆ, ಸಡಿಲ ಆದ್ರೆ ಮೂತಿ ಕೆಳಗೆ ಜಾರುತ್ತೆ. ಅದರಲ್ಲೇ ನನ್ನ ಗಮನ."

ಆಮೇಲೆ, ಬಸ್ ಸ್ಟಾಪಿನ ಹತ್ತಿರ ಬಂದಾಗ, "ಆ ನಾಟಕ ನಾನು ಮುಂದಿನಿಂದ ಒಂದು ಸಲಾನೂ ನೋಡಿಲ್ಲ" ಅಂದರು. ದೂರಿನ ದನಿಯಲ್ಲ. ಸುಮ್ನೆ ಹೇಳಿದರು. ಬಸ್ಸು ಬಂತು. ಛತ್ರಿ ಮಡಚಿಕೊಂಡು ಹತ್ತಿದರು. ಹೆಸರು ಕೇಳಲೇ ಇಲ್ಲ ನಾನು.

ಹಾಗಾದರೆ ಜಂಬ ಅಂತ ನಾನು ಅಂದುಕೊಂಡದ್ದು? ಅವರಿಗೆ ಸಿಕ್ಕಿದ್ದೂ ಅರ್ಧವೇ. ಅಡ್ಡ ನಿಂತು, ಕೈಯಲ್ಲಿ ಕುದುರೆ ತಲೆ ಹಿಡಿದು, ಪದ್ಮಿನಿಯ ಬೆನ್ನು ನೋಡುತ್ತಾ ಕೇಳಿದ ಜೋಗುಳ. ಆ ಮಟ್ಟು ಹುಟ್ಟಿದ್ದೇ ಯಾರೋ ಎರಡು ಹೆಜ್ಜೆ ಇಡಲಿ, ತೊಟ್ಟಿಲು ತೂಗಲಿ, ದೀಪ ಆರಲಿ ಅಂತ. ಕಾರಂತರು ತಾಲೀಮಿನಲ್ಲೇ, ನಟರು ಓಡಾಡುತ್ತಿರುವಾಗಲೇ ಹಾರ್ಮೋನಿಯಂ ಹಿಡಿದು ಮಟ್ಟು ಕಟ್ಟುತ್ತಿದ್ದರಂತೆ. ಹೀಗಿರುವಾಗ ಹಾಡನ್ನ ಕಿತ್ತು ಮೈಕಿನ ಮುಂದೆ ನಿಲ್ಲಿಸಿದರೆ ಅವರ ಕಣ್ಣು ಆ ಹೆಜ್ಜೆ ಹುಡುಕದೆ ಇನ್ನೇನು ಮಾಡುತ್ತದೆ?

ಸ್ಕೂಟರ್ ಓಡಿಸುತ್ತಾ ಅವರ ಜೊತೆ ವಾದ ಮುಂದುವರಿಸಿದೆ. ನನ್ನ ಮದುವೆಯಲ್ಲಿ ಸೋದರತ್ತೆ ಹೆಣ್ಣೊಪ್ಪಿಸುವ ಹಾಡು ಹೇಳಿದಳು. ಛತ್ರದ ತುಂಬ ಗಲಾಟೆ, ಯಾರಿಗೂ ಕೇಳಲಿಲ್ಲ. ನನಗೂ ಸೀರೆಯ ಪಿನ್ ಚುಚ್ಚುತ್ತಿದ್ದದ್ದೇ ಗೊತ್ತು. ವಿಡಿಯೋದವನು ಬಂದು, "ಇನ್ನೊಂದ್ಸಲ ಹೇಳಿ ಆಂಟಿ, ಲೈಟ್ ಸರಿ ಇರ್ಲಿಲ್ಲ" ಅಂದ. ಅತ್ತೆ ಗೊಣಗಿಕೊಂಡೇ ಮತ್ತೆ ಶುರು ಮಾಡಿದಳು. ಮೊದಲ ಸಲ ಬಾರದ ಅಳು ಆ ಎರಡನೇ ಸಲಕ್ಕೆ ಬಂತು. ಒಪ್ಪಿಸೋದು ಆಗಲೇ ಮುಗಿದಿತ್ತು, ಹಾಡಿಗೆ ಕೆಲಸವೇ ಇರಲಿಲ್ಲ. ಹಾಗಾದರೆ ಅದು ಸುಳ್ಳು ಅಳುವಾ? ಅತ್ತೆ ಇವತ್ತಿಲ್ಲ. ವಿಡಿಯೋದಲ್ಲಿರೋದು ಆ ಎರಡನೇ ಸಲದ್ದೇ.

ಮನೆಗೆ ಬಂದು, ತಲೆ ಒರೆಸಿಕೊಳ್ಳುವ ಮೊದಲೇ ಕಪಾಟಿನಿಂದ 'ಹಯವದನ' ತೆಗೆದೆ. ಡಿಗ್ರಿಯಲ್ಲಿದ್ದಾಗ ತಗೊಂಡದ್ದು, ಅರ್ಧಕ್ಕೆ ಬಿಟ್ಟಿದ್ದೆ. ನಿಂತೇ ಓದಿದೆ. ಯಜಮಾನರು ಹೇಳಿದ ಜಾಗದಲ್ಲಿ ಜೋಗುಳ ಇತ್ತು. ಅವರು ಹೇಳದೆ ಬಿಟ್ಟದ್ದು ಕೊನೆಯಲ್ಲಿತ್ತು. ಅಪ್ಪ ಅಮ್ಮ ಎಲ್ಲ ಸತ್ತ ಮೇಲೆ, ಆ ಮಗು, ಮಾತೂ ಆಡದೆ ನಗದೆ ಇದ್ದ ಮಗು, ಪೂರ್ತಿ ಕುದುರೆಯೇ ಆಗಿಬಿಟ್ಟ ಹಯವದನನನ್ನ ನೋಡಿ ನಗುತ್ತದೆ. ನಕ್ಕು ಅದೇ ಹಾಡು ಹಾಡುತ್ತದೆ. ಅಮ್ಮ ಕಲಿಸಿದ ಹಾಡು. ಅಲ್ಲಿ ತೊಟ್ಟಿಲೂ ಇಲ್ಲ, ತೂಗುವವಳೂ ಇಲ್ಲ. ಮುಖವಾಡ ಕಟ್ಟಿ ಕಳಿಸಿದ ಮೇಲೆ ವಿಂಗ್‌ನಲ್ಲಿ ನಿಂತು ಅದನ್ನೂ ಕೇಳಿರುತ್ತಾರಲ್ಲ ಅವರು. ಅದನ್ನ ಯಾಕೆ ಹೇಳಲಿಲ್ಲವೋ. ಅಷ್ಟರಲ್ಲಿ ಬಸ್ಸು ಬಂತು, ಅದೂ ಇರಬಹುದು.

ಸೋಮವಾರ ಬೆಳಿಗ್ಗೆ ಎಂದಿನ ಗಡಿಬಿಡಿ. ಮಗಳು ಬಚ್ಚಲಲ್ಲಿ ಹಲ್ಲುಜ್ಜುತ್ತಾ ಅದನ್ನೇ ಗುನುಗುತ್ತಿದ್ದಳು. ರಾತ್ರಿ ನಾನು ಪುಸ್ತಕ ಹಿಡಿದು ಗುನುಗಿದ್ದು ಕೇಳಿಸಿಕೊಂಡಿರಬೇಕು. ಕಾಲು ಕುಟ್ಟುತ್ತಿದ್ದಳು ಕೂಡ. ನಾನು ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಹೇಳಲಾ ಬೇಡವಾ. ಏಳು ವರ್ಷದ ಮಗುವಿಗೆ ಬೆಳ್ಳಂಬೆಳಿಗ್ಗೆ ಸಾವಿನ ವಿಷಯ ಯಾಕೆ.

ಆದರೂ ತಡೆಯಲಾಗಲಿಲ್ಲ. "ಆ ಸವಾರ ಕೊನೆಗೆ ಏನಾದ ಗೊತ್ತಾ ನಿಂಗೆ?"

"ಸತ್ತೋದ" ಅಂದಳು, ಬಾಯಿ ತುಂಬ ನೊರೆ.

"ಗೊತ್ತಿತ್ತಾ?"

"ಹಾಡಲ್ಲೇ ಇದೆಯಲ್ಲಮ್ಮ." ಉಗಿದು, ಬಾಯಿ ಮುಕ್ಕಳಿಸಿ, ನನಗೆ ಇಷ್ಟೂ ಗೊತ್ತಿಲ್ವಾ ಅನ್ನೋ ಹಾಗೆ ನೋಡಿದಳು. "ಮತ್ತೆ ಮೊದಲಿಂದ ಹಾಡಿದ್ರೆ ಬರ್ತಾನೆ."

ಡಬ್ಬಿಗೆ ಚಿತ್ರಾನ್ನ ತುಂಬಿದೆ. ಶಾಲೆಯ ವ್ಯಾನು ಆಗಲೇ ಹಾರ್ನ್ ಹೊಡೆಯುತ್ತಿತ್ತು.