ಕಪಿಲೆ ಬಾವಿಯ ಗೀಜಗ: ಈ ಮಳೆಗಾಲದ ಲೆಕ್ಕ

ಜೂನ್ 8, ಭಾನುವಾರ

ಎರಡು ವರ್ಷದಿಂದ ಮುಂದೂಡಿಕೊಂಡೇ ಬಂದಿದ್ದ ಕೆಲಸ ಇವತ್ತು ಶುರುವಾಯಿತು. ತಿಪಟೂರಿನ ಹತ್ತಿರ ನಮ್ಮೂರ ತೋಟದಲ್ಲಿ ಎತ್ತು ಕಟ್ಟಿ ನೀರೆತ್ತುತ್ತಿದ್ದ ಹಳೇ ಕಪಿಲೆ ಬಾವಿಯೊಂದಿದೆ. ಬೋರ್‌ವೆಲ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಪಡುವಣ ದಂಡೆಯಲ್ಲಿ ಒಂದು ಜಾಲಿ ಮರ, ಪೂರ್ತಿ ಬಾವಿ ಕಡೆಗೇ ವಾಲಿಕೊಂಡಿದೆ. ಪ್ರತಿ ಮಳೆಗಾಲದಲ್ಲೂ ಅದರ ತುಂಬ ಗೀಜಗನ ಗೂಡು. ಈ ಸಲ ಅದರಲ್ಲಿ ಒಂದೇ ಒಂದು ಗೂಡನ್ನು, ಮೊದಲ ಗಂಟಿನಿಂದ ಹಿಡಿದು ಮರಿ ಹಾರುವವರೆಗೆ, ಫೋಟೊದಲ್ಲಿ ಹಿಡಿಯಬೇಕು. ಇಷ್ಟೇ ಪ್ರಾಜೆಕ್ಟು.

ಕಬಿನಿ, ದಾಂಡೇಲಿ, ರಂಗನತಿಟ್ಟು ಎಲ್ಲಾ ಆಯಿತು. ದೋಣಿಯಲ್ಲಿ ಕೂತ ಎಂಟು ಜನರೂ ಒಂದೇ ಹೆಜ್ಜಾರ್ಲೆಗೆ ಲೆನ್ಸ್ ತಿರುಗಿಸಿ, ಎಂಟು ಜನರೂ ಒಂದೇ ಫೋಟೊ ತಗೊಂಡು ಮನೆಗೆ ಹೋಗುವುದು ಯಾಕೋ ಸಾಕಾಯ್ತು.

ಇವತ್ತಿನ ಲೆಕ್ಕ: ನಾಲ್ಕು ಗೂಡಿಗೆ ಬುಡ ಬಿದ್ದಿದೆ. ಗಂಡುಗಳ ನೆತ್ತಿ ಅರಿಶಿನ ಬಳಿದ ಹಾಗೆ ಹಳದಿ, ಕಣ್ಣಿನ ಸುತ್ತ ಕಂದು ಮುಖವಾಡ. ಹೆಣ್ಣು ಮಾತ್ರ ಥೇಟ್ ಗುಬ್ಬಚ್ಚಿ. ಮಳೆಗಾಲ ಕಳೆದರೆ ಗಂಡೂ ಅದೇ ವೇಷಕ್ಕೆ ಬರುತ್ತದೆ.

ಸಾಮಾನು: ಕ್ಯಾನನ್ 80ಡಿ, ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ 400 ಎಂಎಂ ಎಫ್ 5.6 ಲೆನ್ಸ್. ಲೆನ್ಸ್ ಹಗುರ, ಫೋಟೊ ಚೂಪು. ಆದರೆ ಸ್ಟೆಬಿಲೈಸರ್ ಇಲ್ಲ. ಕೈ ನಡುಗಿತೋ, ಫೋಟೊ ಹೋಯ್ತು ಅಂತಲೇ. ಟ್ರೈಪಾಡ್ ಬೇಕೇ ಬೇಕು.

ಟ್ರೈಪಾಡ್ ಹೊತ್ತು ಹೋಗುವಾಗ ದೊಡ್ಡಪ್ಪ ಎದುರಾದರು. "ಏನ್ಲಾ ಮಗ, ಸರ್ವೆ ಮಾಡಕ್ಕೆ ಬಂದ್ಯಾ?" ವಿಷಯ ಹೇಳಿದೆ. ನಕ್ಕುಬಿಟ್ಟರು. "ಗೀಜಗನ್ ಪಟ ತೆಗಿಯಕ್ಕೆ ಬೆಂಗ್ಳೂರಿಂದ ಬಂದ್ಯಾ? ತೆನೆ ಕಟ್ಟಲಿ ತಡಿ, ಒಂದೊಂದೂ ಎಷ್ಟ್ ರಾಗಿ ತಿಂತದೆ ಅಂತ ನಾನೇ ತೋರುಸ್ತೀನಿ."

ಜೂನ್ 22

ಗೂಡಿನ ಲೆಕ್ಕ 11ಕ್ಕೆ ಏರಿದೆ. ಫೋಟೊ ಮಾತ್ರ ಒಂದೂ ಇಲ್ಲ.

ತಪ್ಪು ನನ್ನದೇ. ಮರದ ಕೆಳಗೆ ನಿಂತು ಮೇಲಕ್ಕೆ ಗುರಿ ಇಟ್ಟೆ. ಹಿಂದೆ ಬರೀ ಬಿಳಿ ಆಕಾಶ, ಮುಂದೆ ಕಪ್ಪು ಹಕ್ಕಿ. ಎಕ್ಸ್‌ಪೋಶರ್ (ಫೋಟೊದ ಬೆಳಕು) ಒಂದೂವರೆ ಸ್ಟಾಪ್ ಏರಿಸಿದರೂ ಹಳದಿ ಕಾಣಿಸಿದ್ದು ಅಷ್ಟಕ್ಕಷ್ಟೆ. ಆಮೇಲೆ ಸುಮ್ನೆ ಒಂದು ಸುತ್ತು ಬಾವಿ ಸುತ್ತಿದಾಗ ಹೊಳೆಯಿತು. ಗೂಡೆಲ್ಲ ಮರದ ಮೂಡಣ ಪಕ್ಕಕ್ಕೇ ಇವೆ. ಗೀಜಗ ಸಾಮಾನ್ಯವಾಗಿ ಹೀಗೇ ಮಾಡುತ್ತದೆ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವಾಗ ಇಡೀ ಮರವೇ ಗೂಡಿಗೆ ಅಡ್ಡ ನಿಲ್ಲುತ್ತದೆ. ನನಗೆ ಇದರಿಂದ ಇನ್ನೊಂದು ಲಾಭ. ಬೆಳಿಗ್ಗೆ ಬಾವಿಯ ಮೂಡಣ ದಂಡೆಯಲ್ಲಿ ಕೂತರೆ ಸೂರ್ಯ ನನ್ನ ಬೆನ್ನಿಗೆ, ಬೆಳಕು ನೇರ ಗೂಡಿಗೆ. ಕೊಂಬೆ ಬಾವಿಯೊಳಗೆ ಇಳಿಬಿದ್ದಿರುವುದರಿಂದ ಹಕ್ಕಿ ನನ್ನ ಕಣ್ಣಿನ ಎತ್ತರಕ್ಕೇ ಸಿಗುತ್ತದೆ. ಹಿಂದೆ ಆಕಾಶ ಹೋಗಿ ಬಾವಿಯ ಕಪ್ಪು ಕಲ್ಲಿನ ಗೋಡೆ ಬಂತು.

ಒಂದು ಗಂಡನ್ನು ಆರಿಸಿಕೊಂಡೆ. ಬಾಲದ ಗರಿ ಅರ್ಧಕ್ಕೆ ಮುರಿದಿದೆ, ಗುರುತು ಸುಲಭ. ಮೊಂಡು ಬಾಲದವನು, ಅದಕ್ಕೆ ಮೊಂಡ ಅಂತ ಹೆಸರು.

ಜುಲೈ 6

ಇವತ್ತು ಕ್ಯಾಮೆರಾಗಿಂತ ಬೈನಾಕ್ಯುಲರ್ ಹಿಡಿದಿದ್ದೇ ಜಾಸ್ತಿ. ಮೊಂಡ ನಾರು ಸೀಳುವುದನ್ನು ಪಕ್ಕದ ತೆಂಗಿನ ಸಸಿಯ ಮೇಲೆ ಹತ್ತಿರದಿಂದ ನೋಡಿದೆ.

ಗರಿಯ ಅಂಚಿಗೆ ಬಂದು ಕೂರುತ್ತಾನೆ. ಅಂಚನ್ನು ಅಡ್ಡಕ್ಕೆ ಒಂದು ಸಲ ಕಚ್ಚಿ ಗಾಯ ಮಾಡುತ್ತಾನೆ. ಆ ತುದಿಯನ್ನು ಕೊಕ್ಕಿನಲ್ಲಿ ಹಿಡಿದು ಹಾಗೇ ಹಾರಿಬಿಡುತ್ತಾನೆ. ಚರ್ರ್ ಅಂತ ನಾರು ಸೀಳಿಕೊಂಡು ಅವನ ಹಿಂದೆಯೇ ಹೋಗುತ್ತದೆ. ಎಳೆಯುವ ಕೆಲಸವೆಲ್ಲ ರೆಕ್ಕೆಯದು, ಕೊಕ್ಕು ಹಿಡಿದುಕೊಂಡಿರುತ್ತದೆ ಅಷ್ಟೆ. ಒಂದೊಂದು ನಾರು 20ರಿಂದ 60 ಸೆಂ.ಮೀ. ಉದ್ದ. ಇಂಥ ನಾರು ತರಲು ಒಂದು ಗೂಡಿಗೆ 500 ಸಲದವರೆಗೂ ಓಡಾಟವಂತೆ. ಓದಿದ್ದು ಬೇರೆ, ಕೂತು ಎಣಿಸುವುದು ಬೇರೆ. ಒಂದು ಗಂಟೆಯಲ್ಲಿ 31 ಸಲ ಬಂದ. ಅದರಲ್ಲಿ ನಾಲ್ಕು ಸಲ ತಂದದ್ದು ಪಕ್ಕದ ಮನೆಯವನ ಗೂಡಿನಿಂದ ಎಳೆದುಕೊಂಡ ನಾರು! ಪಕ್ಕದವನು ಇಲ್ಲದಾಗ ನೋಡಿಕೊಂಡೇ ಹೋಗುತ್ತಾನೆ, ಕಳ್ಳ.

ಫೋಟೊ ಲೆಕ್ಕ: 1140 ಹೊಡೆದೆ, ಉಳಿದದ್ದು ಮೂರು. ಶಟರ್ ಸೆಕೆಂಡಿನ 1/2000, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600. ಫೋಕಸನ್ನು ಮೊದಲೇ ಗೂಡಿನ ಮೇಲೆ ಇಟ್ಟು ಲಾಕ್ ಮಾಡಿ, ಅವನು ಬರುವ ದಾರಿ ನೋಡಿಕೊಂಡು ಬಟನ್ ಒತ್ತಿಹಿಡಿಯುವುದು. ಹಕ್ಕಿ ಚೆನ್ನಾಗಿ ಬಂದಿದೆ, ನಾರಿನ ಬಾಲ ಮಾತ್ರ ಎಲ್ಲದರಲ್ಲೂ ಕತ್ತರಿಸಿ ಹೋಗಿದೆ. ರಾತ್ರಿ ಪೇಪರ್ ಹಿಡಿದು ಲೆಕ್ಕ ಹಾಕಿದೆ. 80ಡಿಯ ಸೆನ್ಸಾರ್ ಅಗಲ 22.3 ಮಿ.ಮೀ. 400 ಎಂಎಂ ಲೆನ್ಸಿನಲ್ಲಿ 10 ಮೀಟರ್ ದೂರಕ್ಕೆ ಫ್ರೇಮಿನ ಅಗಲ ಬರೀ 56 ಸೆಂ.ಮೀ. ಹಕ್ಕಿಯೇ 15 ಸೆಂ.ಮೀ. ಅದರ ಹಿಂದೆ ಅರವತ್ತು ಸೆಂ.ಮೀ. ನಾರು ಎಲ್ಲಿ ಹಿಡಿಸೀತು? 15 ಮೀಟರ್‌ಗೆ ಹಿಂದೆ ಸರಿದರೆ 84 ಸೆಂ.ಮೀ. ಸಿಗುತ್ತದೆ. ಹತ್ತಿರ ಹೋಗಬೇಕು, ಇನ್ನೂ ಹತ್ತಿರ ಹೋಗಬೇಕು ಅಂತ ಇಷ್ಟು ವರ್ಷ ಒದ್ದಾಡಿದವನು ನಾನು. ಈಗ ಹಿಂದಕ್ಕೆ ಹೋಗಬೇಕಂತೆ.

ಜುಲೈ 13

ಊರಿಗೆ ಹೋಗಲಿಲ್ಲ. ಲೆನ್ಸಿನೊಳಗೆ ಫಂಗಸ್ ಬಂದಿತ್ತು, ಅಂಗಡಿಗೆ ಕೊಟ್ಟಿದ್ದೆ. ಫಂಗಸ್ ಹೋಯಿತು, ಫೋಕಸ್ಸೂ ಹೋಯಿತು. ಹಕ್ಕಿಗೆ ಗುರಿಯಿಟ್ಟರೆ ಹಿಂದಿನ ಕೊಂಬೆ ಚೂಪಾಗಿ ಬರುತ್ತದೆ. ಕೇಳಿದರೆ "ನಿಮ್ಮ ಕ್ಯಾಮೆರಾ ಬಾಡಿ ಪ್ರಾಬ್ಲಂ ಸರ್" ಅಂದರು. ಭಾನುವಾರ ಪೂರ್ತಿ ಗೋಡೆಗೆ ದಿನಪತ್ರಿಕೆ ಅಂಟಿಸಿಕೊಂಡು, ಕ್ಯಾಮೆರಾದಲ್ಲೇ ಫೋಕಸ್ ತಿದ್ದುವ ಮೈಕ್ರೊ ಅಡ್ಜಸ್ಟ್‌ಮೆಂಟ್‌ನಲ್ಲಿ ನಾನೇ ಸರಿಮಾಡಿಕೊಂಡೆ. ಹೆಂಡತಿ ಆ ಪತ್ರಿಕೆಯನ್ನು ಇನ್ನೂ ಓದಿರಲಿಲ್ಲವಂತೆ. ಅದು ಬೇರೆ ಕಥೆ.

ಜುಲೈ 20

ಮೊಂಡನ ಗೂಡು ಹೆಲ್ಮೆಟ್ ಹಂತದಲ್ಲಿದೆ. ನೋಡಲು ಥೇಟ್ ಬೋರಲು ಹಾಕಿದ ಹೆಲ್ಮೆಟ್ಟೇ. ಕೆಳಗೆ ತೆರೆದಿದೆ, ನಡುವೆ ಒಂದು ಅಡ್ಡ ಪಟ್ಟಿ. ಇಷ್ಟಕ್ಕೇ ಎಂಟು ದಿನದ ಕೆಲಸ. ಮುಂದಿನದನ್ನು ಹೆಣ್ಣು ಒಪ್ಪುವ ತನಕ ಮುಟ್ಟುವುದಿಲ್ಲ. ಮನೆ ಅರ್ಧ ಕಟ್ಟಿ, ಹುಡುಗಿ ನೋಡಿ ಹೋದ ಮೇಲೆ ಉಳಿದದ್ದು ಅನ್ನುವ ಲೆಕ್ಕ.

ಏಳೂವರೆಗೆ ಹೆಣ್ಣುಗಳ ಗುಂಪು ಬಂತು. ಅಲ್ಲಿಯವರೆಗೆ ತಮ್ಮ ಪಾಡಿಗೆ ನೇಯುತ್ತಿದ್ದ ಗಂಡುಗಳೆಲ್ಲ ಒಟ್ಟಿಗೆ ಗೂಡಿನ ಅಂಚಿಗೆ ಜೋತುಬಿದ್ದು ರೆಕ್ಕೆ ಬಡಿಯತೊಡಗಿದವು. ಚಿಟ್ ಚಿಟ್ ಚಿಟ್, ಕೊನೆಗೆ ಚೀ ಅಂತ ಉದ್ದ ಎಳೆತ. ಬಾವಿಯ ಗೋಡೆಗೆ ಆ ಸದ್ದು ಬಡಿದು ಇನ್ನೂ ಜೋರಾಗಿ ವಾಪಸ್ ಬರುತ್ತಿತ್ತು. ಒಂದು ಹೆಣ್ಣು ಮೊಂಡನ ಗೂಡಿನೊಳಗೆ ಹೊಕ್ಕಿತು. ಅಡ್ಡ ಪಟ್ಟಿಯ ಮೇಲೆ ಕೂತು ಅಲ್ಲೊಂದು ನಾರು, ಇಲ್ಲೊಂದು ನಾರು ಎಳೆದು ನೋಡಿತು. ಬಟ್ಟೆ ಅಂಗಡಿಯಲ್ಲಿ ನಮ್ಮ ಅತ್ತೆ ಸೀರೆಯ ಅಂಚು ಎಳೆದು ನೋಡುವ ಹಾಗೆ. ಹೊರಗೆ ಬಂತು, ಹಾರಿಹೋಯಿತು. ಎರಡು ಗೂಡಿನ ಆಚೆ, ಇನ್ನೂ ಒರಟಾಗಿ ನೇಯ್ದ ಒಂದು ಗೂಡಿನಲ್ಲಿ ಹೊಕ್ಕು ಅಲ್ಲೇ ಉಳಿಯಿತು.

ನನಗೆ ಸಿಟ್ಟೇ ಬಂತು. ಆಮೇಲೆ ಓದಿದಾಗ ಗೊತ್ತಾಯಿತು, ನೇಯ್ಗೆಯ ಅಂದಕ್ಕಿಂತ ಹೆಣ್ಣು ಜಾಗ ನೋಡುವುದೇ ಜಾಸ್ತಿಯಂತೆ. ಎತ್ತರ ಎಷ್ಟು, ಕೊಂಬೆ ಎಷ್ಟು ದಪ್ಪ, ಇಂಥವು. ಮೊಂಡನ ಕೊಂಬೆ ನನ್ನ ಕಿರುಬೆರಳಿನಷ್ಟು ಸಣ್ಣ. ಅದೂ ಎಲ್ಲಕ್ಕಿಂತ ಕೆಳಗೆ. ನನಗೆ ಕಣ್ಣಿನ ಎತ್ತರಕ್ಕೆ ಸಿಗುತ್ತದೆ ಅಂತ ಅವನನ್ನು ಆರಿಸಿಕೊಂಡಿದ್ದೆ. ಯಾವ ಕಾರಣಕ್ಕೆ ನನಗೆ ಇಷ್ಟವಾದನೋ, ಅದೇ ಕಾರಣಕ್ಕೆ ಹೆಣ್ಣಿಗೆ ಬೇಡವಾದ.

ಜುಲೈ 27

ಮೊಂಡ ಎರಡನೇ ಗೂಡು ಶುರು ಮಾಡಿದ್ದಾನೆ. ಮೊದಲನೆಯದು ಅರ್ಧಕ್ಕೇ ನೇತಾಡುತ್ತಿದೆ. ಅದರ ನಾರನ್ನು ಈಗ ಎಲ್ಲರೂ ಕದಿಯುತ್ತಿದ್ದಾರೆ.

ಆಗಸ್ಟ್ 3

ಮಳೆ. ಒಂದೂ ಕ್ಲಿಕ್ ಇಲ್ಲ. ರಾತ್ರಿಯ ಗಾಳಿಗೆ ಒಂದು ಅರ್ಧ ಗೂಡು ಕಿತ್ತುಬಂದು ದಂಡೆಯ ಮೇಲೆ ಬಿದ್ದಿತ್ತು, ಖಾಲಿ. ಕೂತು ನೋಡಿದೆ. ಒಳಗೋಡೆಗೆ ಒಣಗಿದ ಮಣ್ಣಿನ ಮುದ್ದೆಗಳು ಮೆತ್ತಿದ್ದವು, ಹೆಬ್ಬೆರಳ ಉಗುರಿನಷ್ಟು ದಪ್ಪ. ಗೀಜಗ ಹಸಿ ಮಣ್ಣಿಗೆ ಮಿಣುಕುಹುಳ ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಮಣ್ಣು ನಿಜ, ದೀಪ ಕಥೆ. ಗಾಳಿಗೆ ಗೂಡು ತೂಗಾಡದಿರಲಿ ಅಂತ ಭಾರಕ್ಕೆ ಮೆತ್ತುತ್ತದೆ ಅನ್ನುವವರಿದ್ದಾರೆ. ಅದು ನಿಜವಾದರೆ ಈ ಗೂಡಿಗೆ ಭಾರ ಸಾಕಾಗಲಿಲ್ಲ. ಗೂಡನ್ನು ಅಲ್ಲೇ ಬಿಟ್ಟು ಬಂದೆ. ಶೋಕೇಸಿನಲ್ಲಿಡಲು ತಂದುಕೊಡು ಅಂತ ಕೇಳಿದ ಗೆಳೆಯನಿಗೆ ಇಲ್ಲ ಅಂದೆ.

ಆಗಸ್ಟ್ 17

ಎರಡನೇ ಗೂಡನ್ನು ಒಂದು ಹೆಣ್ಣು ಒಪ್ಪಿದೆ!

ಈ ಸಲ ಕೊಂಬೆ ದಪ್ಪ, ಎರಡು ಆಳು ಮೇಲಕ್ಕಿದೆ. ಮೊಂಡ ಈಗ ಒಂದು ಪಕ್ಕ ಮುಚ್ಚಿ ಮೊಟ್ಟೆಗೆ ಜಾಗ ಮಾಡಿದ್ದಾನೆ, ಇನ್ನೊಂದು ಪಕ್ಕದಿಂದ ಕೊಳವೆ ಇಳಿಸುತ್ತಿದ್ದಾನೆ. ಕೊಳವೆಯ ಬಾಯಿಗೆ ತಲೆಕೆಳಗಾಗಿ ಜೋತುಬಿದ್ದು ನೇಯುತ್ತಾನೆ. ನಾರಿನ ಒಂದು ತುದಿ ಕಾಲಡಿ, ಇನ್ನೊಂದು ಕೊಕ್ಕಿನಲ್ಲಿ. ಒಳಗೆ ತೂರಿಸಿ, ಆ ಕಡೆಗೆ ತಲೆ ಹಾಕಿ ತುದಿ ಹಿಡಿದೆಳೆದು, ಮತ್ತೆ ಈ ಕಡೆ. 15 ಮೀಟರ್ ಹಿಂದಕ್ಕೆ ಟ್ರೈಪಾಡ್ ಇಟ್ಟದ್ದಕ್ಕೆ ಸಾರ್ಥಕವಾಯಿತು. ಹಕ್ಕಿ, ಹಿಂದೆ ಅಲೆಅಲೆಯಾಗಿ ಹಸಿರು ನಾರು, ಆಚೆ ಕಪ್ಪು ಕಲ್ಲು, ಎಲ್ಲಾ ಒಂದೇ ಫ್ರೇಮಿನಲ್ಲಿ. ಮೋಡವಿತ್ತು, ಐಎಸ್‌ಒ 4000. ಕಾಳು ಚೆಲ್ಲಿದ ಹಾಗೆ ನಾಯ್ಸ್ ಇದೆ. ಇರಲಿ ಬಿಡಿ.

ಇನ್ನು ಮುಂದೆ ಹತ್ತಿರ ಹೋಗುವುದಿಲ್ಲ, ಫ್ಲ್ಯಾಶ್ ಇಲ್ಲ, ಅಡ್ಡ ಬಂದ ಜಾಲಿ ಕಡ್ಡಿ ಮುರಿಯುವುದೂ ಇಲ್ಲ. ಒಂದು ಕಡ್ಡಿ ಪ್ರತಿ ಫೋಟೊದಲ್ಲೂ ಗೂಡಿನ ಮೇಲೆ ಗೆರೆ ಎಳೆದ ಹಾಗೆ ಬರುತ್ತಿದೆ. ಕೈ ತುರಿಸುತ್ತದೆ, ನಿಜ. ಆದರೆ ಕಾಗೆಗೆ ಗೂಡು ಕಾಣದ ಹಾಗೆ ಮರೆ ಮಾಡಿರುವುದೂ ಅದೇ ಕಡ್ಡಿಯಿರಬಹುದಲ್ವಾ.

ಸೆಪ್ಟೆಂಬರ್ 7

ಗೀಜಗ ಇಡುವುದು ಎರಡರಿಂದ ನಾಲ್ಕು ಬಿಳಿ ಮೊಟ್ಟೆ, 14ರಿಂದ 17 ದಿನ ಕಾವು. ಕಾವು ಕೂರುವುದು ಹೆಣ್ಣೊಂದೇ. ಅಂದಾಜು ಸರಿಹೋಯಿತು. ಇವತ್ತು ಹೆಣ್ಣು ಕೊಕ್ಕಿನಲ್ಲಿ ಮಿಡತೆ ಹಿಡಿದುಕೊಂಡು ಕೊಳವೆಯೊಳಗೆ ಸರ್ರನೆ ಏರಿತು. ಮರಿ ಬಂದಿವೆ. ದೊಡ್ಡಪ್ಪನಿಗೆ ಫೋಟೊ ತೋರಿಸಿದೆ. "ನೋಡಿ ದೊಡ್ಡಪ್ಪ, ಮರಿಗೆ ಕೊಡೋದು ಹುಳ. ನಿಮ್ಮ ರಾಗಿ ಅಲ್ಲ." ಕನ್ನಡಕ ಮೇಲೆತ್ತಿ ನೋಡಿದರು. "ಮಿಡತೆನಾ? ಹೂಂ. ತಿನ್ಲಿ ತಿನ್ಲಿ. ದೊಡ್ಡವಾದ್ಮೇಲೆ ಬರ್ತವಲ್ಲ."

ಮೊಂಡ? ಅವನು ಆಗಲೇ ಮೂರನೇ ಗೂಡಿನಲ್ಲಿ, ಇನ್ನೊಂದು ಹೆಣ್ಣಿನ ಮುಂದೆ ರೆಕ್ಕೆ ಬಡಿಯುತ್ತಿದ್ದ. ಗೀಜಗದಲ್ಲಿ ಇದು ಮಾಮೂಲು. ನನ್ನ ಪ್ರಾಜೆಕ್ಟಿನ ನಾಯಕ ಅಂದುಕೊಂಡವನು ಮಕ್ಕಳ ಫೋಟೊಗೇ ಇಲ್ಲ.

ಸೆಪ್ಟೆಂಬರ್ 21

ಮರಿ ಹಾರಿದ್ದನ್ನು ನೋಡಲಿಲ್ಲ. ಮರಿ ಗೂಡು ಬಿಡಲು ಸುಮಾರು 17 ದಿನ. ಮಧ್ಯದ ವಾರದಲ್ಲಿ ಯಾವತ್ತೋ ಹೋಗಿವೆ, ನಾನು ಆಫೀಸಿನಲ್ಲಿದ್ದೆ. ಅಂದುಕೊಂಡ ಕೊನೆಯ ಫೋಟೊ ಹಾಗಾಗಿ ಇಲ್ಲ. ಒಟ್ಟು 9,600 ಚಿಲ್ಲರೆ ಕ್ಲಿಕ್, ಇಟ್ಟುಕೊಂಡದ್ದು 42. ಕೊಳವೆ ನೇಯುವ 14 ಫೋಟೊ ಸಾಲಾಗಿ ಇಟ್ಟರೆ ಒಂದು ಕೆಲಸ ಆಯಿತು ಅನ್ನಿಸುತ್ತದೆ. ಹೆಣ್ಣಿನದು ಬರೀ ಐದು. ಮುಂದಿನ ವರ್ಷ ಹೆಣ್ಣನ್ನೇ ಹಿಂಬಾಲಿಸಬೇಕು. ಅದಕ್ಕೆ ಮುರಿದ ಬಾಲದಂಥ ಗುರುತು ಇದ್ದರೆ ತಾನೇ.

ಅಕ್ಟೋಬರ್ 12

ಬಾವಿಯ ಕಡೆ ಸದ್ದಿಲ್ಲ. ಒಂದು ಹಳೇ ಗೂಡಿನಿಂದ ರಾಟವಾಳ (ಮುನಿಯಾ) ಹಕ್ಕಿಯೊಂದು ಇಣುಕಿತು, ಬಾಯಲ್ಲಿ ಹುಲ್ಲಿನ ಎಸಳು. ಖಾಲಿ ಮನೆಗೆ ಬಾಡಿಗೆಯಿಲ್ಲದ ಒಕ್ಕಲು. ಎರಡು ಫೋಟೊ ತೆಗೆದೆ.

ಹೊಲದಲ್ಲಿ ರಾಗಿ ತೆನೆ ಕಟ್ಟಿದೆ. ದೊಡ್ಡಪ್ಪ ಬದುವಿನ ಮೇಲೆ ಎಣ್ಣೆ ಡಬ್ಬ ಬಡಿಯುತ್ತಾ ನಿಂತಿದ್ದರು. ನನ್ನನ್ನು ಕಂಡವರೇ ಡಬ್ಬ, ಕೋಲು ಎರಡನ್ನೂ ಕೈಗೆ ಕೊಟ್ಟರು. "ತಗ, ನಿನ್ ನೆಂಟ್ರು ಬಂದವ್ರೆ. ನಾನು ಒಂದ್ ಲೋಟ ಕಾಫಿ ಕುಡ್ಕೊಂಡ್ ಬತ್ತೀನಿ."

ಬಡಿದೆ. ತೆನೆಗಳ ಮಧ್ಯದಿಂದ ಐವತ್ತು ಅರವತ್ತು ಹಕ್ಕಿ ಒಟ್ಟಿಗೆ ಎದ್ದವು. ಹಳದಿ ಹೆಚ್ಚುಕಮ್ಮಿ ಮಾಸಿಹೋಗಿದೆ, ಎಲ್ಲಾ ಒಂದೇ ಥರ ಗುಬ್ಬಚ್ಚಿ ಬಣ್ಣ. ಬಾಲ ನೋಡಿದೆ, ಒಂದೊಂದಾಗಿ, ಆಗುವಷ್ಟು. ಒಂದು ಸುತ್ತು ಹೊಡೆದು ಹೊಲದ ಆ ತುದಿಗೆ ಇಳಿದವು. ಕ್ಯಾಮೆರಾ ಚೀಲದಲ್ಲೇ ಇತ್ತು. ಡಬ್ಬ ಹಿಡಿದುಕೊಂಡು ಆ ತುದಿಗೆ ನಡೆದೆ.